ಹರಳಿನ ಗೂಡಿನಲ್ಲಿ ಕಿಣ್ವ

ಒಂದು ಆಲೂಗಡ್ಡೆಯನ್ನು ಎರಡು ಹೋಳು ಮಾಡಿ, ಒಂದನ್ನು ಹಸಿಯಾಗಿಯೇ ಇಟ್ಟುಕೊಂಡು, ಇನ್ನೊಂದನ್ನು ನೀರಿನಲ್ಲಿ ಚೆನ್ನಾಗಿ ಬೇಯಿಸಿ ಆರಿಸೋಣ. ಬಳಿಕ, ಗಾಯ ತೊಳೆಯುವುದಕ್ಕೆಂದು ಔಷಧದ ಅಂಗಡಿಯಲ್ಲಿ ಮಾರುವ ಹೈಡ್ರೊಜನ್ ಪೆರಾಕ್ಸೈಡ್ ದ್ರಾವಣವನ್ನು ಎರಡು ಗಾಜಿನ ಲೋಟಗಳಲ್ಲಿ ಸ್ವಲ್ಪ ಸ್ವಲ್ಪ ಹಾಕಿ, ಒಂದರಲ್ಲಿ ಹಸಿಯ ಹೋಳನ್ನೂ ಮತ್ತೊಂದರಲ್ಲಿ ಬೆಂದ ಹೋಳನ್ನೂ ಮುಳುಗಿಸೋಣ. ಸ್ವಲ್ಪ ಹೊತ್ತಿನಲ್ಲಿಯೇ ಹಸಿಯ ಹೋಳಿನ ಮೈಯೆಲ್ಲ ನೊರೆಯಿಂದ ತುಂಬುತ್ತದೆ. ಬೆಂದ ಹೋಳು ಕಲ್ಲಿನಂತೆ ಸುಮ್ಮನಿರುತ್ತದೆ.

ನೊರೆಯಲ್ಲಿರುವ ಅನಿಲವು ಆಮ್ಲಜನಕ. ಪೆರಾಕ್ಸೈಡಿನ ಅಣುಗಳು ಒಡೆದು ನೀರೂ ಆಮ್ಲಜನಕವೂ ಆಗುತ್ತಿವೆ ಎಂಬುದಕ್ಕೆ ಅದೇ ಸಾಕ್ಷಿ. ಈ ಕ್ರಿಯೆಯನ್ನು ನಡೆಸುವ ವಸ್ತುವು ಆಲೂಗಡ್ಡೆಯ ಜೀವಕೋಶಗಳಲ್ಲಿರುವ ಕೆಟಲೇಸ್ ಎಂಬ ಕಿಣ್ವ. ಹಾಗಾದರೆ ಬೆಂದ ಹೋಳಿನ ಕೆಟಲೇಸ್ ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಲಿಲ್ಲ. ಅದರ ಇಂಗಾಲ, ಜಲಜನಕ, ಸಾರಜನಕಗಳ ಪರಮಾಣುಗಳು ಬಹುಮಟ್ಟಿಗೆ ಮೊದಲು ಪೋಣಿಸಿಕೊಂಡಿದ್ದ ಕ್ರಮದಲ್ಲಿಯೇ ಈಗಲೂ ಇವೆ. ಹೋದದ್ದು ಅದರ ಆಕಾರ. ಆಕಾರ ಹೋದೊಡನೆ ಕೆಲಸವೂ ನಿಂತಿತು.

ಈ ಆಕಾರವನ್ನು ಶಾಖದಿಂದಲೂ ಕಟುವಾದ ರಾಸಾಯನಿಕಗಳಿಂದಲೂ ಕಾಪಾಡುವುದಕ್ಕೆ ವಿಜ್ಞಾನಿಗಳು ಈಚಿನ ವರ್ಷಗಳಲ್ಲಿ ಕಂಡುಕೊಂಡಿರುವ ಒಂದು ಉಪಾಯವನ್ನು ಈ ಲೇಖನದಲ್ಲಿ ಪರಿಶೀಲಿಸೋಣ. ನಾವು ಭೌತವಿಜ್ಞಾನದ ಅಧ್ಯಾಪಕರು. ರಸಾಯನಶಾಸ್ತ್ರದ ಹೊಲಕ್ಕೆ ಕಾಲಿಡುತ್ತಿದ್ದೇವೆ, ನಿಜ. ಆದರೆ ಇಲ್ಲಿಯ ಮುಖ್ಯ ಪ್ರಶ್ನೆಯು ಶಾಖ, ಸ್ಥಳ, ಚಲನೆ ಇವುಗಳಿಗೆ ಸಂಬಂಧಿಸಿದ್ದಾದುದರಿಂದ ಅದರಲ್ಲಿ ನಮಗೂ ಪಾಲುಂಟು.

ಕಿಣ್ವದ ಸಾಮರ್ಥ್ಯ

ತಾನು ವೆಚ್ಚವಾಗದೆ ರಾಸಾಯನಿಕ ಕ್ರಿಯೆಯ ವೇಗವನ್ನು ಹೆಚ್ಚಿಸುವ ವಸ್ತುವಿಗೆ ಕ್ರಿಯಾವರ್ಧಕವೆಂದು ಹೆಸರು. ಜೀವಿಗಳು ತಮಗಾಗಿ ತಯಾರಿಸಿಕೊಳ್ಳುವ ಕ್ರಿಯಾವರ್ಧಕಗಳೇ ಕಿಣ್ವಗಳು. ಮೊಳಕೆ ಕಟ್ಟಿದ ರಾಗಿಯಲ್ಲಿ ಪಿಷ್ಟವು ಸಕ್ಕರೆಯಾಗುವುದೂ, ಉಂಡ ಅನ್ನವು ಜೀರ್ಣವಾಗುವುದೂ ಇವುಗಳಿಂದಲೇ. ೧೮೯೭ರಲ್ಲಿ ಜರ್ಮನಿಯ ಎಡ್ವರ್ಡ್ ಬುಕ್ನರ್ ಅವರು ಯೀಸ್ಟನ್ನು ಅರೆದು ಹಿಂಡಿ ತೆಗೆದ, ಜೀವಕೋಶಗಳೇ ಇಲ್ಲದ ರಸವು ಕೂಡ ಸಕ್ಕರೆಯನ್ನು ಹುದುಗಿಸಬಲ್ಲುದೆಂದು ತೋರಿಸಿದರು. ಕಿಣ್ವವು ಜೀವಕೋಶದ ಹೊರಗೂ ದುಡಿಯಬಲ್ಲುದೆಂಬುದು ಇದರಿಂದ ಸಿದ್ಧವಾಯಿತು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಜೇಮ್ಸ್ ಸಮ್ನರ್ ಅವರು ಹುಡುಗತನದಲ್ಲಿಯೇ ಬೇಟೆಯ ಅಪಘಾತವೊಂದರಲ್ಲಿ ಎಡಗೈಯನ್ನು ಕಳೆದುಕೊಂಡವರು. ಅವರು ೧೯೨೬ರಲ್ಲಿ ಯೂರಿಯೇಸ್ ಎಂಬ ಕಿಣ್ವವನ್ನು ಹರಳಿನ ರೂಪದಲ್ಲಿ ಪಡೆದು, ಅದು ಪ್ರೋಟೀನೆಂದು ಸಾರಿದರು. ಮೊದಲು ಹಲವರು ನಂಬಲಿಲ್ಲ. ೧೯೪೬ರಲ್ಲಿ ಅವರಿಗೆ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು.

ಕಿಣ್ವಗಳಲ್ಲಿ ಎರಡು ದೊಡ್ಡ ಗುಣಗಳುಂಟು. ಒಂದು ವೇಗ, ಕೆಟಲೇಸಿನ ಒಂದೇ ಅಣುವು ಒಂದು ಸೆಕೆಂಡಿನಲ್ಲಿ ಪೆರಾಕ್ಸೈಡಿನ ಲಕ್ಷಗಟ್ಟಲೆ ಅಣುಗಳನ್ನು ಒಡೆಯಬಲ್ಲುದು. ಇನ್ನೊಂದು ಆಯ್ಕೆ, ನೂರು ಬಗೆಯ ಅಣುಗಳು ಬೆರೆತಿದ್ದರೂ ಕಿಣ್ವವು ತನಗೆ ಬೇಕಾದುದನ್ನು ಮಾತ್ರ ಹಿಡಿದು, ಬೇಕಾದ ಕಡೆಯಲ್ಲಿಯೇ ಕತ್ತರಿಸುತ್ತದೆ ಅಥವಾ ಜೋಡಿಸುತ್ತದೆ. ಇದನ್ನೆಲ್ಲ ಅದು ಸಾಮಾನ್ಯವಾದ ಉಷ್ಣತೆಯಲ್ಲಿ, ನೀರಿನಲ್ಲಿಯೇ ಸಾಧಿಸುತ್ತದೆ. ಕಾರ್ಖಾನೆಗಳು ಇಂತಹ ಕೆಲಸಗಾರನನ್ನು ಬಯಸುವುದರಲ್ಲಿ ಆಶ್ಚರ್ಯವೇನು? ಆದರೆ ಈ ಕೆಲಸಗಾರನು ಬಹಳ ಸುಕುಮಾರ.

ಆಕಾರವು ಕೆಡುವುದೇಕೆ?

ಕೆಟಲೇಸಿನ ಒಂದು ಅಣುವಿನಲ್ಲಿ ನಾಲ್ಕು ಸರಪಳಿಗಳುಂಟು. ಒಂದೊಂದು ಸರಪಳಿಯೂ ಸುಮಾರು ಐನೂರು ಅಮೈನೊ ಆಮ್ಲಗಳನ್ನು ಪೋಣಿಸಿ ಆದುದು. ಈ ಸರಪಳಿಗಳು ನಿರ್ದಿಷ್ಟವಾದ ಒಂದು ರೀತಿಯಲ್ಲಿ ಮಡಿಚಿಕೊಂಡು ಉಂಡೆಯಾಗಿವೆ. ಕೆಲಸ ನಡೆಯುವ ಕ್ರಿಯಾಸ್ಥಾನವು ಈ ಮಡಿಕೆಗಳ ಆಳದಲ್ಲಿ ಅಡಗಿದೆ. ಸರಪಳಿಯ ಕೊಂಡಿಗಳು ಬಲವಾದವು. ಮಡಿಕೆಗಳನ್ನು ಹಿಡಿದಿರುವ ಜಲಜನಕ ಬಂಧವೇ ಮೊದಲಾದ ಬಂಧನಗಳು ಬಹಳ ದುರ್ಬಲವಾದವು. ಎರಡು ಇಂಗಾಲ ಪರಮಾಣುಗಳ ನಡುವಿನ ಒಂದು ಬಂಧವನ್ನು ಕಡಿಯಲು ಒಂದು ಮೋಲಿಗೆ ಸುಮಾರು ೩೫೦ ಕಿಲೊಜೂಲ್ ಬೇಕು. ಆದರೆ ಮಡಿಚಿದ ಪ್ರೋಟೀನಿಗೂ ಬಿಚ್ಚಿಹೋದ ಪ್ರೋಟೀನಿಗೂ ನಡುವೆ ಇರುವ ಮುಕ್ತಶಕ್ತಿಯ ಅಂತರವು ಸಾಮಾನ್ಯವಾಗಿ ಒಂದು ಮೋಲಿಗೆ ೨೦ರಿಂದ ೬೦ ಕಿಲೊಜೂಲ್ ಮಾತ್ರ. ಅಷ್ಟು ದೊಡ್ಡ ಕಟ್ಟಡವು ಇಷ್ಟು ಸಣ್ಣ ಆಧಾರದ ಮೇಲೆ ನಿಂತಿದೆ.

ಇದರೊಡನೆ ಎಂಟ್ರಪಿಯ ಮಾತೂ ಸೇರುತ್ತದೆ. ಸರಪಳಿಯು ಸರಿಯಾಗಿ ಮಡಿಚಿಕೊಳ್ಳುವ ರೀತಿ ಒಂದೇ. ಬಿಚ್ಚಿಕೊಂಡು ಒರಗುವ ರೀತಿಗಳು ಲೆಕ್ಕವಿಲ್ಲದಷ್ಟು. ಉಷ್ಣತೆಯು ಏರಿದಂತೆಲ್ಲ ಪ್ರಕೃತಿಯು ಹೆಚ್ಚು ರೀತಿಗಳುಳ್ಳ ಸ್ಥಿತಿಯ ಕಡೆಗೆ ವಾಲುತ್ತದೆ. ಆಲೂಗಡ್ಡೆಯನ್ನು ಬೇಯಿಸಿದಾಗ ನಡೆದದ್ದು ಇದೇ. ಯೂರಿಯದಂತಹ ವಸ್ತುಗಳು ಶಾಖವಿಲ್ಲದೆಯೇ ಮಡಿಕೆಗಳ ನಡುವೆ ನುಸುಳಿ, ಅಲ್ಲಿಯ ದುರ್ಬಲ ಬಂಧನಗಳನ್ನು ಸಡಿಲಿಸಿ ಅದೇ ಹಾನಿಯನ್ನು ಮಾಡುತ್ತವೆ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಬಿಚ್ಚಿಕೊಳ್ಳಲು ಸ್ಥಳ ಬೇಕು. ಮಡಿಸಿದ ಕೊಡೆಯನ್ನು ಬಿದಿರಿನ ಕೊಳವೆಯೊಳಗೆ ಇಟ್ಟು ಅದರ ಗುಂಡಿಯನ್ನು ಒತ್ತಿದರೂ ಅದು ಅರಳಲಾರದು. ಕಿಣ್ವಕ್ಕೆ ಇಂತಹ ಕೊಳವೆಯೊಂದನ್ನು ಒದಗಿಸಿದರೆ ಹೇಗೆ? ನಾವು ಹೇಳಹೊರಟ ಉಪಾಯದ ತಿರುಳು ಇಷ್ಟೇ. ಆದರೆ ಆ ಕೊಳವೆಯ ಅಗಲವು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಕೆಲವೇ ಭಾಗಗಳಷ್ಟಿರಬೇಕು. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗಕ್ಕೆ ನ್ಯಾನೋಮೀಟರ್ ಎಂದು ಹೆಸರು. ಕೆಟಲೇಸ್ ಅಣುವಿನ ಅಡ್ಡಳತೆಯು ಸುಮಾರು ಹತ್ತು ನ್ಯಾನೋಮೀಟರ್.

ಹಿಂದಿನ ಉಪಾಯಗಳು

ಕಿಣ್ವವನ್ನು ಘನವಸ್ತುವೊಂದಕ್ಕೆ ಅಂಟಿಸುವ ಯತ್ನ ಹೊಸದಲ್ಲ. ೧೯೧೬ರಲ್ಲಿ ಅಮೆರಿಕದ ನೆಲ್ಸನ್ ಮತ್ತು ಗ್ರಿಫಿನ್ ಎಂಬವರು, ಇನ್ವರ್ಟೇಸ್ ಎಂಬ ಕಿಣ್ವವು ಇದ್ದಿಲಿಗೆ ಅಂಟಿಕೊಂಡಾಗಲೂ ತನ್ನ ಕೆಲಸವನ್ನು ಬಿಡುವುದಿಲ್ಲವೆಂದು ಕಂಡರು. ೧೯೬೯ರಲ್ಲಿ ಜಪಾನಿನ ಇಚಿರೊ ಚಿಬಾಟ ಮತ್ತು ಸಂಗಡಿಗರು ಅಮೈನೊ ಆಮ್ಲಗಳ ತಯಾರಿಕೆಗಾಗಿ ಹೀಗೆ ನೆಲೆಗೊಳಿಸಿದ ಕಿಣ್ವವನ್ನು ಕಾರ್ಖಾನೆಯಲ್ಲಿ ಬಳಕೆಗೆ ತಂದರು.

ಇದರ ಪ್ರಯೋಜನವನ್ನು ಪೆನಿಸಿಲಿನ್ನಿನ ಉದಾಹರಣೆಯಿಂದ ತಿಳಿಯಬಹುದು. ಆಂಪಿಸಿಲಿನ್, ಅಮಾಕ್ಸಿಸಿಲಿನ್ ಎಂಬ ಔಷಧಗಳನ್ನು ತಯಾರಿಸಲು ಪೆನಿಸಿಲಿನ್ ಅಣುವಿನ ಪಕ್ಕದ ಕವಲನ್ನು ಕತ್ತರಿಸಿ, ತಿರುಳನ್ನು ಹಾಗೆಯೇ ಉಳಿಸಿಕೊಳ್ಳಬೇಕು. ರಾಸಾಯನಿಕ ವಿಧಾನದಲ್ಲಿ ಇದಕ್ಕೆ ಶೂನ್ಯಕ್ಕಿಂತ ಸುಮಾರು ೪೦ ಡಿಗ್ರಿ ಕೆಳಗಿನ ಶೈತ್ಯವೂ ಹಾನಿಕರವಾದ ದ್ರಾವಕಗಳೂ ಬೇಕಾಗಿದ್ದವು. ಪೆನಿಸಿಲಿನ್ ಅಸೈಲೇಸ್ ಎಂಬ ಕಿಣ್ವವು ಅದನ್ನೇ ನೀರಿನಲ್ಲಿ, ನಮ್ಮ ಮೈಯ ಶಾಖಕ್ಕೆ ಸಮೀಪವಾದ ಉಷ್ಣತೆಯಲ್ಲಿ ಮಾಡುತ್ತದೆ. ಕಿಣ್ವವು ಘನವಸ್ತುವಿಗೆ ಅಂಟಿಕೊಂಡಿರುವುದರಿಂದ, ಕೆಲಸ ಮುಗಿದ ಮೇಲೆ ಸೋಸಿ ತೆಗೆದು ಮತ್ತೆ ಮತ್ತೆ ಬಳಸಬಹುದು.

ಆದರೆ ಮೇಲ್ಮೈಗೆ ಅಂಟಿದ ಕಿಣ್ವವು ಗೋಡೆಗೆ ಒರಗಿದ ಕೊಡೆಯಂತೆ. ಒಂದು ಕಡೆ ಆಸರೆ ಇದೆ. ಉಳಿದ ಎಲ್ಲ ಕಡೆಗಳಲ್ಲಿ ಅರಳಲು ಅವಕಾಶವಿದೆ. ಸುತ್ತಲೂ ಆಸರೆ ಬೇಕಾದರೆ ರಂಧ್ರಮಯವಾದ ವಸ್ತುವನ್ನೇ ಹುಡುಕಬೇಕು. ಪ್ರಕೃತಿಯಲ್ಲಿ ಜಿಯೊಲೈಟ್ ಎಂಬ ರಂಧ್ರಮಯ ಖನಿಜಗಳಿವೆ. ಆದರೆ ಅವುಗಳ ರಂಧ್ರಗಳು ಸಾಮಾನ್ಯವಾಗಿ ಒಂದು ನ್ಯಾನೋಮೀಟರಿಗಿಂತಲೂ ಕಿರಿದು. ಕಿಣ್ವವು ಅಲ್ಲಿ ಹಿಡಿಸಲಾರದು.

ಕಟ್ಟಿದ ಹರಳುಗಳು

೧೯೭೪ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ವಿಶ್ವವಿದ್ಯಾನಿಲಯದ ಅಧ್ಯಾಪಕ ರಿಚರ್ಡ್ ರಾಬ್ಸನ್ ಅವರು ವಿದ್ಯಾರ್ಥಿಗಳಿಗೆ ಪಾಠ ಹೇಳಲು ಮರದ ಗುಂಡುಗಳಿಂದ ಅಣುಗಳ ಮಾದರಿಗಳನ್ನು ಸಿದ್ಧಪಡಿಸುತ್ತಿದ್ದರು. ಕಡ್ಡಿಗಳನ್ನು ಸಿಕ್ಕಿಸಲು ಗುಂಡುಗಳಲ್ಲಿ ತೂತುಗಳನ್ನು ಕೊರೆಸಬೇಕಾಗಿತ್ತು. ತೂತುಗಳ ಸ್ಥಾನವನ್ನು ಸರಿಯಾಗಿ ಗೊತ್ತುಮಾಡಿದರೆ ಸಾಕು, ಮಾದರಿಯು ತಾನಾಗಿಯೇ ಸರಿಯಾದ ಆಕಾರಕ್ಕೆ ಬರುವುದೆಂದು ಅವರಿಗೆ ಹೊಳೆಯಿತು. ನಿಜವಾದ ಪರಮಾಣುಗಳಿಂದಲೂ ಹೀಗೆ ಕಟ್ಟಬಾರದೇಕೆ? ಹದಿನೈದು ವರ್ಷಗಳ ಬಳಿಕ, ೧೯೮೯ರಲ್ಲಿ, ಅವರು ತಾಮ್ರದ ಅಯಾನುಗಳನ್ನೂ ನಾಲ್ಕು ತೋಳುಗಳ ಸಾವಯವ ಅಣುಗಳನ್ನೂ ಸೇರಿಸಿ, ಒಳಗೆ ವಿಶಾಲವಾದ ಪೊಳ್ಳುಗಳುಳ್ಳ ಹರಳೊಂದನ್ನು ಪಡೆದರು. ಲೋಹದ ಅಯಾನು ಮೂಲೆಯ ಕಂಬ, ಸಾವಯವ ಅಣು ಅಡ್ಡತೊಲೆ. ಇಂತಹ ರಚನೆಗೆ ಲೋಹ-ಸಾವಯವ ಚೌಕಟ್ಟು ಎಂದು ಹೆಸರು.

೧೯೯೭ರಲ್ಲಿ ಜಪಾನಿನ ಸುಸುಮು ಕಿಟಗಾವ ಅವರು ಇಂತಹ ಚೌಕಟ್ಟಿನೊಳಕ್ಕೆ ಅನಿಲಗಳು ಹೋಗಿ ಹೊರಬರಬಲ್ಲುವೆಂದು ತೋರಿಸಿದರು. ೧೯೯೯ರಲ್ಲಿ ಅಮೆರಿಕದ ಓಮರ್ ಯಾಘಿ ಅವರು ಸತುವಿನಿಂದ ಕಟ್ಟಿದ ಚೌಕಟ್ಟು ಬರಿದಾಗಿದ್ದಾಗಲೂ ೩೦೦ ಡಿಗ್ರಿ ಶಾಖಕ್ಕೆ ಕುಸಿಯಲಿಲ್ಲ; ಅದರ ಕೆಲವೇ ಗ್ರಾಂಗಳ ಒಳಮೈಯನ್ನು ಬಿಡಿಸಿ ಹಾಸಿದರೆ ಒಂದು ಫುಟ್‌ಬಾಲ್ ಮೈದಾನದಷ್ಟಾಗುತ್ತದೆ. ಈ ಮೂವರಿಗೂ ೨೦೨೫ರ ರಸಾಯನ ವಿಜ್ಞಾನದ ನೊಬೆಲ್ ಬಹುಮಾನ ಸಂದಿತು. ನಮ್ಮ ಬೆಂಗಳೂರಿನಲ್ಲಿಯೂ ಸಿ. ಎನ್. ಆರ್. ರಾವ್ ಅವರೂ ಅವರ ಸಂಗಡಿಗರೂ ತೆರೆದ ಚೌಕಟ್ಟಿನ ಇಂತಹ ಹರಳುಗಳ ಮೇಲೆ ಗಣ್ಯವಾದ ಸಂಶೋಧನೆ ನಡೆಸಿದ್ದಾರೆ. ತೊಲೆಯ ಉದ್ದವನ್ನು ಬದಲಿಸಿ ಪೊಳ್ಳಿನ ಗಾತ್ರವನ್ನೂ ಬದಲಿಸಬಹುದೆಂಬುದು ಈ ಹರಳುಗಳ ವಿಶೇಷ.

ಕಿಣ್ವವು ಒಳಸೇರುವ ಬಗೆ

ಗೂಡಿನೊಳಗೆ ಕಿಣ್ವವನ್ನು ಇಡಲು ಎರಡು ಮಾರ್ಗಗಳಿವೆ.

ಮೊದಲನೆಯದು, ಗೂಡನ್ನು ಕಟ್ಟಿ ಮುಗಿಸಿ ಆಮೇಲೆ ಕಿಣ್ವವನ್ನು ಬರಮಾಡಿಕೊಳ್ಳುವುದು. ೨೦೧೧ರಲ್ಲಿ ಅಮೆರಿಕದ ದಕ್ಷಿಣ ಫ್ಲಾರಿಡ ವಿಶ್ವವಿದ್ಯಾನಿಲಯದವರು ಕಿಣ್ವದಂತೆ ಕೆಲಸಮಾಡುವ ಸಣ್ಣ ಅಣುವೊಂದನ್ನು ಹೀಗೆ ಒಳಸೇರಿಸಿದರು. ಮರುವರ್ಷ ಅವರು ಕಂಡ ಸಂಗತಿ ಇನ್ನೂ ವಿಚಿತ್ರವಾಗಿತ್ತು: ಸುಮಾರು ಮೂರು ನ್ಯಾನೋಮೀಟರ್ ಗಾತ್ರದ ಸೈಟೊಕ್ರೋಮ್-ಸಿ ಎಂಬ ಪ್ರೋಟೀನು, ಎರಡು ನ್ಯಾನೋಮೀಟರಿಗಿಂತ ಕಿರಿದಾದ ಕಿಟಕಿಯ ಮೂಲಕ ಒಳಹೊಕ್ಕಿತು. ತನ್ನ ಮಡಿಕೆಗಳನ್ನು ಕೊಂಚ ಸಡಿಲಿಸಿಕೊಂಡು ಅದು ನುಸುಳಿತೆಂದು ಅವರು ನಿರ್ಣಯಿಸಿದರು. ೨೦೧೫ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಅಲ್ಯುಮಿನಿಯಂ ಅಯಾನುಗಳಿಂದ ಕಟ್ಟಿದ ಹರಳೊಂದರಲ್ಲಿ ೫.೫ ನ್ಯಾನೋಮೀಟರ್ ಅಗಲದ ಪೊಳ್ಳುಗಳು ದೊರೆತವು. ಒಂದೊಂದು ಪೊಳ್ಳಿನಲ್ಲಿ ಒಂದೊಂದೇ ಕಿಣ್ವದ ಅಣು ನೆಲೆಸುವುದರಿಂದ, ಅವು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗುವ ಭಯವೂ ಅಲ್ಲಿಲ್ಲ.

ಎರಡನೆಯದು, ಕಿಣ್ವದ ಸುತ್ತಲೂ ಗೂಡನ್ನು ಬೆಳೆಸುವುದು. ನೀರಿನಲ್ಲಿ ಕಿಣ್ವವನ್ನು ಕರಗಿಸಿ, ಅದಕ್ಕೆ ಸತುವಿನ ಲವಣವನ್ನೂ ಮಿಥೈಲ್ ಇಮಿಡಜೋಲ್ ಎಂಬ ಸಾವಯವ ವಸ್ತುವನ್ನೂ ಬೆರೆಸಿದರೆ, ಜಿಫ್-೮ ಎಂಬ ಚೌಕಟ್ಟಿನ ಹರಳುಗಳು ಸಾಮಾನ್ಯ ಉಷ್ಣತೆಯಲ್ಲಿಯೇ ಹುಟ್ಟುತ್ತವೆ. ೨೦೧೫ರಲ್ಲಿ ಆಸ್ಟ್ರೇಲಿಯದ ಕಾಂಗ್ ಲಿಯಾಂಗ್, ಪಾವ್ಲೊ ಫಾಲ್ಕಾರೊ ಮೊದಲಾದವರು, ಪ್ರೋಟೀನು ತಾನೇ ಲೋಹವನ್ನೂ ಸಾವಯವ ಅಣುಗಳನ್ನೂ ತನ್ನ ಸುತ್ತ ಸೆಳೆದುಕೊಂಡು ಹರಳಿನ ಹುಟ್ಟಿಗೆ ಬೀಜವಾಗುತ್ತದೆಂದು ತೋರಿಸಿದರು. ಕಡಲಿನ ಪ್ರಾಣಿಯು ತನ್ನ ಸುತ್ತ ಗಟ್ಟಿಯಾದ ಚಿಪ್ಪನ್ನು ಕಟ್ಟಿಕೊಳ್ಳುವುದಕ್ಕೆ ಅವರು ಇದನ್ನು ಹೋಲಿಸಿದರು. ಹೀಗೆ ಚಿಪ್ಪು ತೊಟ್ಟ ಪೆರಾಕ್ಸಿಡೇಸ್ ಎಂಬ ಕಿಣ್ವವು ಕುದಿಯುವ ನೀರಿನಲ್ಲಿ ಇಟ್ಟು ತೆಗೆದ ಮೇಲೂ ತನ್ನ ಕೆಲಸವನ್ನು ಮಾಡಿತು. ಈ ಮಾರ್ಗದಲ್ಲಿ ಚೌಕಟ್ಟಿನ ಸಹಜ ರಂಧ್ರಗಳು ಕಿಣ್ವಕ್ಕಿಂತ ಎಷ್ಟೋ ಕಿರಿದಾಗಿದ್ದರೂ ಅಡ್ಡಿಯಿಲ್ಲ. ಹಸಿಮಣ್ಣಿನಲ್ಲಿ ಒತ್ತಿದ ಬೀಜದಂತೆ ಕಿಣ್ವವು ತನ್ನ ಅಳತೆಗೆ ಸರಿಯಾದ ಅಚ್ಚನ್ನು ತಾನೇ ಮಾಡಿಕೊಂಡಿರುತ್ತದೆ.

ಗೂಡು ಕಾಯುವುದು ಹೇಗೆ?

ಆಲೂಗಡ್ಡೆಯಲ್ಲಿ ನಾವು ಕಂಡ ಕೆಟಲೇಸಿನ ಮೇಲೆಯೇ ನಡೆದ ಎರಡು ಪ್ರಯೋಗಗಳು ಈ ಪ್ರಶ್ನೆಯನ್ನು ಬಿಡಿಸಿಕೊಡುತ್ತವೆ. ಇವೆರಡೂ ತೈವಾನಿನ ಮತ್ತು ಅಮೆರಿಕದ ವಿಜ್ಞಾನಿಗಳು ಕೂಡಿ ನಡೆಸಿದವು.

೨೦೧೫ರಲ್ಲಿ ಅವರು ಕೆಟಲೇಸನ್ನು ಜಿಫ್-೯೦ ಎಂಬ ಹರಳಿನಲ್ಲಿ ಹುದುಗಿಸಿ, ಪ್ರೋಟೀನುಗಳನ್ನು ತುಂಡರಿಸುವ ಪ್ರೋಟೀನೇಸ್-ಕೆ ಎಂಬ ಇನ್ನೊಂದು ಕಿಣ್ವವನ್ನು ದ್ರಾವಣಕ್ಕೆ ಸೇರಿಸಿದರು. ಬರಿಯ ಕೆಟಲೇಸ್ ಕೆಲಸ ಕಳೆದುಕೊಂಡಿತು, ಗೂಡಿನಲ್ಲಿದ್ದುದು ಉಳಿಯಿತು. ಕಾರಣವು ಸ್ಪಷ್ಟ. ಜಿಫ್-೯೦ರ ಕಿಟಕಿಗಳ ಅಗಲವು ಸುಮಾರು ೦.೩೫ ನ್ಯಾನೋಮೀಟರ್. ಪೆರಾಕ್ಸೈಡಿನ ಸಣ್ಣ ಅಣು ಅದರಲ್ಲಿ ತೂರಬಲ್ಲುದು. ಹಲವು ನ್ಯಾನೋಮೀಟರ್ ಗಾತ್ರದ ಪ್ರೋಟೀನೇಸ್ ತೂರಲಾರದು. ಇಲ್ಲಿ ಗೂಡು ಜರಡಿಯಂತೆ ಕೆಲಸಮಾಡಿತು.

ಆದರೆ ಜರಡಿಯೊಂದರಿಂದಲೇ ಎಲ್ಲವೂ ವಿವರಿಸಲ್ಪಡುವುದಿಲ್ಲ. ಯೂರಿಯದ ಅಣು ಚಿಕ್ಕದು, ಗೂಡಿನೊಳಕ್ಕೆ ಹೋಗಬಲ್ಲುದು. ಶಾಖಕ್ಕಂತೂ ಯಾವ ಜರಡಿಯೂ ಅಡ್ಡಿಯಲ್ಲ. ಹೊರಗಿನ ನೀರು ೮೦ ಡಿಗ್ರಿಯಲ್ಲಿದ್ದರೆ ಸ್ವಲ್ಪ ಕಾಲದಲ್ಲಿ ಗೂಡಿನ ಒಳಗೂ ೮೦ ಡಿಗ್ರಿಯೇ. ಹಾಗಿದ್ದರೂ, ೨೦೧೭ರಲ್ಲಿ ಪ್ರಕಟವಾದ ಎರಡನೆಯ ಪ್ರಯೋಗದಲ್ಲಿ, ಗೂಡಿನ ಕೆಟಲೇಸ್ ಯೂರಿಯದ ಪ್ರಬಲ ದ್ರಾವಣವನ್ನೂ ೮೦ ಡಿಗ್ರಿ ಸೆಲ್ಸಿಯಸ್ ಶಾಖವನ್ನೂ ತಾಳಿಕೊಂಡು ಪೆರಾಕ್ಸೈಡನ್ನು ಒಡೆಯುತ್ತಲೇ ಇತ್ತು. ಬರಿಯ ಕೆಟಲೇಸಿನ ಚಟುವಟಿಕೆ ಅಳತೆಗೆ ಸಿಕ್ಕದಷ್ಟು ಕುಗ್ಗಿತ್ತು. ಪ್ರೋಟೀನು ಹೊರಸೂಸುವ ಪ್ರತಿದೀಪ್ತಿಯ ಬೆಳಕನ್ನು ಪರೀಕ್ಷಿಸಿದಾಗ, ಗೂಡಿನಲ್ಲಿದ್ದ ಕಿಣ್ವದ ಆಕಾರವು ಬರಿಯ ಕಿಣ್ವದ ಆಕಾರದಷ್ಟು ಬದಲಾಗಿಲ್ಲವೆಂದು ತಿಳಿದುಬಂದಿತು.

ಶತ್ರುವು ಒಳಗೆ ಬಂದಿದ್ದರೂ ಕಿಣ್ವವು ಉಳಿಯಿತೆಂದರೆ ಅದನ್ನು ಕಾದದ್ದು ಜಾಗದ ಇಕ್ಕಟ್ಟೇ. ಗೋಡೆಗಳು ಸುತ್ತಲೂ ತಾಗಿಕೊಂಡಿರುವಾಗ, ಬಿಚ್ಚಿಕೊಂಡು ಒರಗುವ ಆ ಲೆಕ್ಕವಿಲ್ಲದ ರೀತಿಗಳಲ್ಲಿ ಬಹುಪಾಲು ಅಸಾಧ್ಯವಾಗಿಬಿಡುತ್ತವೆ. ಬಿಚ್ಚುವುದರಿಂದ ದೊರೆಯಬೇಕಾಗಿದ್ದ ಎಂಟ್ರಪಿಯ ಲಾಭವು ಆ ಮಟ್ಟಿಗೆ ಕುಗ್ಗುತ್ತದೆ. ಬಿದಿರಿನ ಕೊಳವೆಯಲ್ಲಿ ಕೊಡೆ ಅರಳದಿದ್ದುದೂ ಹೀಗೆಯೇ.

ರಕ್ಷಣೆಯ ಬೆಲೆ

ಪ್ರಕೃತಿಯು ಯಾವುದನ್ನೂ ಬಿಟ್ಟಿಯಾಗಿ ಕೊಡುವುದಿಲ್ಲ. ಕಿಣ್ವವನ್ನು ಕಾಪಾಡುವ ಅದೇ ಇಕ್ಕಟ್ಟು ಅದರ ಕೆಲಸಕ್ಕೂ ತೊಡಕಾಗುತ್ತದೆ. ಪೆರಾಕ್ಸೈಡಿನ ಅಣುಗಳು ಕಿರಿದಾದ ಓಣಿಗಳಲ್ಲಿ ತಡವರಿಸುತ್ತ ಒಳಗೆ ಹೋಗಬೇಕು. ಹುಟ್ಟಿದ ಆಮ್ಲಜನಕವು ಹಾಗೆಯೇ ಹೊರಗೆ ಬರಬೇಕು. ಆದುದರಿಂದ ಗೂಡಿನಲ್ಲಿರುವ ಕಿಣ್ವವು ಅನೇಕ ವೇಳೆ ಬರಿಯ ಕಿಣ್ವಕ್ಕಿಂತ ನಿಧಾನವಾಗಿ ದುಡಿಯುತ್ತದೆ. ಇದಕ್ಕೆ ಭೌತವಿಜ್ಞಾನವು ಸೂಚಿಸುವ ಪರಿಹಾರವೊಂದುಂಟು. ವಿಸರಣಕ್ಕೆ ಹಿಡಿಯುವ ಕಾಲವು ದೂರದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಹರಳಿನ ಗಾತ್ರವನ್ನು ಅರ್ಧಕ್ಕೆ ಇಳಿಸಿದರೆ ಅಣುಗಳು ನಡುವನ್ನು ಮುಟ್ಟುವ ಕಾಲವು ಕಾಲುಭಾಗಕ್ಕೆ ಇಳಿಯುತ್ತದೆ. ಆದಕಾರಣ ಹರಳುಗಳು ಸಣ್ಣವಾಗಿದ್ದಷ್ಟೂ ಒಳ್ಳೆಯದು.

ಗೋಡೆಯ ಸ್ವಭಾವವೂ ಮುಖ್ಯ. ಜಿಫ್-೮ರ ಗೋಡೆಗೆ ನೀರು ಒಗ್ಗದು; ಜಿಫ್-೯೦ರ ಗೋಡೆಗೆ ನೀರು ಒಗ್ಗುತ್ತದೆ. ೨೦೧೯ರಲ್ಲಿ ನಡೆದ ಹೋಲಿಕೆಯೊಂದರಲ್ಲಿ, ನೀರೊಲ್ಲದ ಗೂಡಿನ ಕೆಟಲೇಸ್ ಕೆಲಸಗೆಟ್ಟಿತು, ನೀರೊಲಿದ ಗೂಡಿನದು ಚುರುಕಾಗಿಯೇ ಉಳಿಯಿತು. ಒಂದು ಕಿಣ್ವಕ್ಕೆ ಹಿತವಾದ ಮನೆ ಇನ್ನೊಂದಕ್ಕೆ ಹಿತವಾಗಬೇಕೆಂದಿಲ್ಲ. ಇದೇ ಜಿಫ್-೮ರಲ್ಲಿ ಸೈಟೊಕ್ರೋಮ್-ಸಿಯ ಚಟುವಟಿಕೆಯು ಹತ್ತು ಪಟ್ಟು ಹೆಚ್ಚಿತೆಂದು ೨೦೧೪ರಲ್ಲಿ ಚೀನ ಮತ್ತು ಅಮೆರಿಕದ ಸಂಶೋಧಕರು ವರದಿ ಮಾಡಿದ್ದರು. ಮೇಲಾಗಿ ಜಿಫ್-೮ ಆಮ್ಲದಲ್ಲಿ ಕರಗಿಹೋಗುತ್ತದೆ. ಹೀಗೆ ಗೂಡನ್ನು ಆರಿಸುವಾಗ ಕಿಣ್ವದ ಗಾತ್ರ, ಗೋಡೆಯ ಸ್ವಭಾವ, ಕೆಲಸ ನಡೆಯುವ ದ್ರಾವಣ ಇವೆಲ್ಲವನ್ನೂ ನೋಡಬೇಕಾಗುತ್ತದೆ.

ಈ ಕಾರಣಗಳಿಂದ ಹರಳಿನ ಗೂಡು ಇನ್ನೂ ಬಹುಮಟ್ಟಿಗೆ ಪ್ರಯೋಗಶಾಲೆಯ ವಸ್ತುವಾಗಿಯೇ ಇದೆ. ಆದರೆ ಅದರಿಂದ ನಿರೀಕ್ಷಿಸಬಹುದಾದುದು ಸಣ್ಣದಲ್ಲ. ೨೦೧೯ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದವರು ಫಾರ್ಮೇಟ್ ಡಿಹೈಡ್ರೊಜನೇಸ್ ಎಂಬ ನಾಜೂಕಾದ ಕಿಣ್ವವನ್ನು ಇಂತಹ ಗೂಡಿನಲ್ಲಿರಿಸಿ, ಇಂಗಾಲದ ಡೈಆಕ್ಸೈಡನ್ನು ಫಾರ್ಮಿಕ್ ಆಮ್ಲವಾಗಿ ಮಾರ್ಪಡಿಸುವ ಕೆಲಸಕ್ಕೆ ಹಚ್ಚಿದರು. ಪೆನಿಸಿಲಿನ್ನಿನ ವಿಷಯದಲ್ಲಿ ಒಂದು ಕಿಣ್ವವು ಮಾಡಿದ ಉಪಕಾರವನ್ನು, ಇಂದು ಸುಕುಮಾರವೆಂದು ಕಾರ್ಖಾನೆಯ ಹೊರಗೆ ನಿಂತಿರುವ ಇತರ ಕಿಣ್ವಗಳಿಂದಲೂ ಪಡೆಯಲು ಸಾಧ್ಯವಾದೀತು.

ಅಭ್ಯಾಸಕ್ಕೆ

೧. ಆಲೂಗಡ್ಡೆಯ ಹಸಿಯ ಹೋಳುಗಳನ್ನು ೪೦, ೬೦, ೮೦ ಡಿಗ್ರಿಗಳ ನೀರಿನಲ್ಲಿ ಹತ್ತು ಹತ್ತು ನಿಮಿಷ ಇಟ್ಟು, ಆರಿಸಿ, ಪೆರಾಕ್ಸೈಡಿನಲ್ಲಿ ಮುಳುಗಿಸಿ. ನೊರೆಯು ಯಾವ ಉಷ್ಣತೆಯಿಂದ ಕಡಮೆಯಾಗುತ್ತದೆ?

೨. ಒಂದೇ ತೂಕದ ಎರಡು ತುಂಡುಗಳಲ್ಲಿ ಒಂದನ್ನು ಇಡಿಯಾಗಿಯೂ ಇನ್ನೊಂದನ್ನು ಸಣ್ಣ ಸಣ್ಣ ಘನಗಳಾಗಿ ಕತ್ತರಿಸಿಯೂ ಪರೀಕ್ಷಿಸಿ. ಯಾವುದರಲ್ಲಿ ನೊರೆ ಬೇಗ ಬರುತ್ತದೆ? ಇದಕ್ಕೂ ಹರಳಿನ ಗಾತ್ರದ ಮಾತಿಗೂ ಏನು ಸಂಬಂಧ?

೩. ಹರಳಿನ ಅಡ್ಡಳತೆಯನ್ನು ೨ ಮೈಕ್ರೋಮೀಟರಿನಿಂದ ೦.೫ ಮೈಕ್ರೋಮೀಟರಿಗೆ ಇಳಿಸಿದರೆ, ಅಣುವು ಹರಳಿನ ನಡುವನ್ನು ಮುಟ್ಟಲು ಬೇಕಾದ ಕಾಲವು ಎಷ್ಟನೆಯ ಒಂದು ಭಾಗಕ್ಕೆ ಇಳಿಯುತ್ತದೆ?

೪. ಕಿಟಕಿಗಳೇ ಇಲ್ಲದ ಗೂಡು ಕಿಣ್ವವನ್ನು ಇನ್ನೂ ಚೆನ್ನಾಗಿ ಕಾಪಾಡುವುದಲ್ಲವೆ? ಹಾಗಿದ್ದರೂ ಅಂತಹ ಗೂಡನ್ನು ಯಾರೂ ಬಯಸುವುದಿಲ್ಲವೇಕೆ?